ಕಣ್ಣಿಲ್ಲದ ಮುದುಕಿಗೊಂದು ಕೋಳಿ

ನಮ್ಮ ಮಾವನವರಿಗೆ ಕೊಡುವುದು ಒಂದು ಚಟವಾಗಿತ್ತು. ಬೇರೆಯವರ ಮನೆಯ ಮಾವಂದಿರಿಗೆ ನಶ್ಯವೋ ಇಸ್ಪೀಟೋ ಇರುವಂತೆ ನಮ್ಮವರಿಗೆ ಇದು. ಎರಡನೆಯ ಮಹಾಯುದ್ಧ ಶುರುವಾದ ಮೇಲೆ ನಾನು ಮೈಸೂರಿನಿಂದ ಹಾಸನಕ್ಕೆ ಸೊಸೆಯಾಗಿ ಬಂದೆ. ಬಂದ ಹೊಸದರಲ್ಲೇ ತವರಿನವರು ಕೊಟ್ಟಿದ್ದ ಎರಡು ಒಳ್ಳೆಯ ಕಂಬಳಿಗಳು ಪೆಟ್ಟಿಗೆಯಿಂದ ಮಾಯವಾದವು. ಮನೆಯಲ್ಲಿ ಕಳ್ಳತನ ನಡೆದಿದೆ ಎಂದು ಹೆದರಿಕೊಂಡೇ ಅತ್ತೆಯ ಹತ್ತಿರ ಹೇಳಿದೆ. ಅತ್ತೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದವರು ತಲೆ ಎತ್ತಲಿಲ್ಲ. "ಕಳ್ಳರು ಊಟಕ್ಕೆ ಮನೆಗೇ ಬರ್ತಾರೆ, ಆಗ ಕೇಳು" ಎಂದರು.

ಕೇಳಿದೆ. ಸುಮ್ಮನಿರುವ ಸ್ವಭಾವ ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಮಾವ ಅನ್ನಕ್ಕೆ ಸಾರು ಕಲಸುತ್ತಾ, "ಕಂಬಳಿಯಾ? ಇಲ್ಲೇ ಎಲ್ಲೋ ಇರಬೇಕಲ್ಲಮ್ಮ" ಎಂದು ತಟ್ಟೆಯ ಸುತ್ತಮುತ್ತ ಹುಡುಕುವವರ ಹಾಗೆ ನೋಡಿದರು. ಅವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಬಾರದ ವಿದ್ಯೆಯನ್ನು ದಿನಾ ಉಪಯೋಗಿಸುವ ಪರಿಸ್ಥಿತಿಯನ್ನು ಮಾತ್ರ ತಾವೇ ತಂದುಕೊಂಡಿದ್ದರು.

ಏಕೆಂದರೆ ಅವರದೊಂದು ನಿಯಮವಿತ್ತು. ಕೊಟ್ಟದ್ದು ಯಾರಿಗೂ ತಿಳಿಯಬಾರದು. ಕೊಟ್ಟವನು ಯಾರೆಂದು ದೇವರಿಗೆ ಗೊತ್ತಿದ್ದರೆ ಸಾಕು, ಊರಿಗೆ ಗೊತ್ತಾದರೆ ಕೊಟ್ಟದ್ದೆಲ್ಲ ನೀರಿಗೆ ಹಾಕಿದಂತೆ ಎಂದು ಅವರ ನಂಬಿಕೆ. ಅವರಿಗೆ ಎರಡು ಬಸ್ಸುಗಳಿದ್ದವು. ಒಂದು ಗೊರೂರಿನ ಮೇಲೆ ಅರಕಲಗೂಡಿಗೆ ಹೋಗುತ್ತಿತ್ತು, ಇನ್ನೊಂದು ಹೊಳೆನರಸೀಪುರದ ಮೇಲೆ ಚನ್ನರಾಯಪಟ್ಟಣಕ್ಕೆ. ಯುದ್ಧದಿಂದಾಗಿ ಪೆಟ್ರೋಲಿಗೆ ಬರ ಬಂದು ಬಸ್ಸುಗಳೆಲ್ಲ ಇದ್ದಲಿನ ಗ್ಯಾಸಿನಿಂದ ಓಡುತ್ತಿದ್ದ ಕಾಲ ಅದು. ಬಸ್ಸಿನ ಹಿಂದೆ ಹಂಡೆಯಂಥ ದೊಡ್ಡ ಡ್ರಮ್ಮು, ಅದರೊಳಗೆ ಕೆಂಡ. ಬಸ್ಸು ಹೊರಡುವ ಮುಂಚೆ ಕ್ಲೀನರು ಗಾಳಿ ಊದುವ ಚಕ್ರ ತಿರುಗಿಸಿ ತಿರುಗಿಸಿ ಬೆವರಿನಲ್ಲಿ ತೊಯ್ದುಹೋಗುತ್ತಿದ್ದ. ಮಾಲೀಕರಾದರೂ ಇದ್ದಲಿನ ಮೂಟೆಗಳನ್ನು ಸ್ವತಃ ಮುಟ್ಟಿ ನೋಡದೆ ಮಾವನಿಗೆ ಸಮಾಧಾನವಿರಲಿಲ್ಲ. ಹೀಗಾಗಿ ಅವರು ಗುಟ್ಟಾಗಿ ಕೊಟ್ಟ ಅಕ್ಕಿ ಚೀಲ, ಸೀರೆ, ಔಷಧದ ಪೊಟ್ಟಣ, ಎಲ್ಲದರ ಮೇಲೂ ಐದು ಬೆರಳಿನ ಕಪ್ಪು ಗುರುತು ಇರುತ್ತಿತ್ತು. ಬೆಳಗ್ಗೆ ಬಾಗಿಲು ತೆಗೆದು ಹೊಸಿಲಲ್ಲಿ ಚೀಲ ಕಂಡವರು ಮೊದಲು ಬೆರಳಿನ ಗುರುತು ನೋಡುತ್ತಿದ್ದರು. ಆಮೇಲೆ ಪಕ್ಕದ ಮನೆಯವರಿಗೆ, "ಯಾರೋ ಪುಣ್ಯಾತ್ಮರು, ಯಾರು ಅಂತಲೇ ಗೊತ್ತಿಲ್ಲ" ಎಂದು ಹೇಳುತ್ತಿದ್ದರು. ಮಾವನ ಮನಸ್ಸಿಗೆ ನೋವಾಗಬಾರದೆಂದು ಹಾಸನದ ಜನ ಈ ನಾಟಕವನ್ನು ವರ್ಷಗಟ್ಟಲೆ ನಡೆಸಿಕೊಂಡು ಬಂದಿದ್ದರು.

ಇಂಥ ಮನುಷ್ಯನ ಕೈಯಿಂದ ಏನನ್ನೂ ತೆಗೆದುಕೊಳ್ಳದವಳು ನಮ್ಮ ಚರ್ಚಿನ ಸಭೆಯಲ್ಲಿ ಒಬ್ಬಳೇ ಇದ್ದಳು. ಮೊಟ್ಟೆ ಮಾರುವ ಅಜ್ಜಿ.

ಚರ್ಚಿನ ಹಿಂದಿನ ಓಣಿಯಲ್ಲಿ ಒಂದು ಹೆಂಚಿನ ಕೋಣೆ, ಹಿತ್ತಲಲ್ಲಿ ಒಂದಿಷ್ಟು ಕೋಳಿ. ಗಂಡ ಸತ್ತು ಎಷ್ಟೋ ಕಾಲವಾಗಿತ್ತು, ಮಕ್ಕಳಿರಲಿಲ್ಲ. ತನ್ನ ಕೋಳಿಯ ಮೊಟ್ಟೆ ಸಾಲದಾದಾಗ ಶಾಂತಿಗ್ರಾಮದ ಕಡೆ ಹಳ್ಳಿಗಳಲ್ಲಿ ಕೊಂಡು ತರುತ್ತಿದ್ದಳು. ಭತ್ತದ ಹೊಟ್ಟು ತುಂಬಿದ ಕುಕ್ಕೆಯಲ್ಲಿ ಮೊಟ್ಟೆಗಳನ್ನು ಹುದುಗಿಸಿಕೊಂಡು ಬೆಳಗ್ಗೆ ಆಸ್ಪತ್ರೆಯಿಂದ ಶುರುಮಾಡಿ ನಮ್ಮ ಬೀದಿಯಲ್ಲಿ ಮುಗಿಸುತ್ತಿದ್ದಳು. ಪ್ರತಿ ಮೊಟ್ಟೆಯನ್ನೂ ಬಿಸಿಲಿಗೆ ಹಿಡಿದು ನೋಡಿ ಕೊಡುವುದು ಅವಳ ರೂಢಿ. ನಾನು ಬಂದ ಎರಡನೆಯ ವರ್ಷದ ಹೊತ್ತಿಗೆ ಬಿಸಿಲಿಗೆ ಹಿಡಿಯುವುದನ್ನು ಬಿಟ್ಟು ಕಿವಿಯ ಹತ್ತಿರ ಅಲ್ಲಾಡಿಸಿ ಕೊಡತೊಡಗಿದ್ದಳು. ನಾನು ಅದನ್ನು ಅಷ್ಟಾಗಿ ಗಮನಿಸಲಿಲ್ಲ.

ಒಂದು ದಿನ ನಮ್ಮ ಪಕ್ಕದ ಮನೆಯ ಜವಳಿ ವ್ಯಾಪಾರಿಯ ಹೆಂಡತಿ ಕಾಂಪೌಂಡಿನ ಗೋಡೆಯಾಚೆಯಿಂದ ಅತ್ತೆಯನ್ನು ಮೆಲ್ಲಗೆ ಕರೆದರು. ಅವರು ಲಿಂಗಾಯತರು. ಬಹಳ ಮಡಿಯ ಮನೆ. ಕ್ರಿಸ್‌ಮಸ್ಸಿಗೆ ಎಲ್ಲರ ಮನೆಗೂ ಕರಜಿಕಾಯಿ ಹೋದರೆ ಅವರ ಮನೆಗೆ ನಮ್ಮಿಂದ ಬಾಳೆಹಣ್ಣು, ತೆಂಗಿನಕಾಯಿ, ಸಕ್ಕರೆ ಹೋಗುತ್ತಿತ್ತು. ಬೇಯಿಸಿದ್ದು ಅವರಿಗೆ ಸಲ್ಲದು ಎಂದು ನಮಗೂ ಗೊತ್ತು, ಕೊಡಬೇಡಿ ಎಂದು ಅವರೂ ಎಂದೂ ಹೇಳಬೇಕಾಗಿ ಬಂದಿರಲಿಲ್ಲ.

"ಸ್ವಲ್ಪ ಬರ್ತೀರಾ? ನಿಮ್ಮ ಅಜ್ಜಿ ನಮ್ಮ ನಡುಮನೇಲಿ ಕೂತಿದ್ದಾರೆ" ಎಂದರು.

ಅತ್ತೆಯೂ ನಾನೂ ಓಡಿದೆವು. ಅಜ್ಜಿ ಅವರ ನಡುಮನೆಯಲ್ಲಿ, ದೇವರ ಮನೆಗೆ ಎದುರಾಗಿ, ಕಾಲು ನೀಡಿಕೊಂಡು ಕೂತು, ಕುಕ್ಕೆ ಬಿಚ್ಚಿ ಮೊಟ್ಟೆಗಳನ್ನು ಒಂದೊಂದಾಗಿ ನೆಲದ ಮೇಲೆ ಸಾಲಾಗಿ ಇಡುತ್ತಿದ್ದಳು. "ಇವತ್ತಿನವು ದಪ್ಪ ಅವೆ ಕಣವ್ವ, ನಿಮ್ ಯಜಮಾನ್ರಿಗೆ ಎರಡು ಜಾಸ್ತಿ ಬೇಯಿಸಾಕು" ಎಂದು ಜವಳಿ ವ್ಯಾಪಾರಿಯ ತಾಯಿಗೆ ಹೇಳುತ್ತಿದ್ದಳು. ಆ ಹಿರಿಯಾಕೆ ಕೈಯಲ್ಲಿದ್ದ ವಿಭೂತಿಯನ್ನು ಹಾಗೇ ಹಿಡಿದುಕೊಂಡು, ಆಯ್ತು ಆಯ್ತು ಎಂದು ತಲೆಯಾಡಿಸುತ್ತಾ ನಿಂತಿದ್ದರು. ಬಯ್ಯಲು ಅವರಿಗೆ ಮನಸ್ಸು ಬಂದಿರಲಿಲ್ಲ. ಅಜ್ಜಿಗೆ ಇದು ನಮ್ಮ ಮನೆ ಎಂದೇ ಭಾವನೆ. ನಾವು ಮೊಟ್ಟೆಗಳನ್ನು ಆರಿಸಿಕೊಂಡು ಅವಳನ್ನು ಕೈಹಿಡಿದು ಈಚೆಗೆ ಕರೆತಂದೆವು. ಜವಳಿ ವ್ಯಾಪಾರಿಯ ಮನೆಯಲ್ಲಿ ಅಂದು ಮಧ್ಯಾಹ್ನದವರೆಗೂ ನೆಲ ತೊಳೆಯುವ ಸದ್ದು ಕೇಳಿಸುತ್ತಿತ್ತು. ಆದರೆ ಸಂಜೆ ಆ ಮನೆಯಾಕೆ ಮತ್ತೆ ಗೋಡೆಯ ಹತ್ತಿರ ಬಂದು, "ಪಾಪ, ಅಜ್ಜಿಗೆ ಏನೂ ಕಾಣ್ಸಲ್ಲ ಕಣ್ರೀ. ಏನಾದ್ರೂ ಮಾಡಿ" ಎಂದು ಹೇಳಿ ಹೋದರು.

ಆಸ್ಪತ್ರೆಯ ನರ್ಸನ್ನು ಕೇಳಿದಾಗ ವಿಷಯ ಇನ್ನೂ ಗಟ್ಟಿಯಾಯಿತು. ಎರಡೂ ಕಣ್ಣಿಗೆ ಪೊರೆ ಬಂದಿದೆ. ಒಂದು ಕಣ್ಣು ಹೋದಂತೆಯೇ, ಇನ್ನೊಂದರ ಪೊರೆಯನ್ನು ಈ ವರ್ಷ ತೆಗೆಸಿದರೆ ಅದು ಉಳಿಯುತ್ತದೆ, ಬಿಟ್ಟರೆ ಅದೂ ಇಲ್ಲ. ಮೈಸೂರಿನ ಕಣ್ಣಿನ ಡಾಕ್ಟರೊಬ್ಬರು ಬೇಸಗೆಗೆ ಮುಂಚೆ ಹೊಳೆನರಸೀಪುರಕ್ಕೆ ಬಂದು ಪೊರೆ ತೆಗೆಯುತ್ತಾರಂತೆ. ಖರ್ಚಿದೆ. ತೆಗೆದ ಮೇಲೆ ಎಷ್ಟೋ ದಿನ ಅಲ್ಲಾಡದೆ ಮಲಗಿರಬೇಕು, ಊಟ, ಔಷಧ, ಕನ್ನಡಕ, ಎಲ್ಲ ಆಗಬೇಕು. ಅಷ್ಟು ದಿನ ಮೊಟ್ಟೆಯ ವ್ಯಾಪಾರವೂ ಇರುವುದಿಲ್ಲ.

ಮಾವನಿಗೆ ಇದನ್ನು ಹೇಳಿದ್ದೇ ತಡ, ಅವರ ಮುಖ ಅರಳಿತು. ಅದು ನಮ್ಮ ಮಾವನ ದೊಡ್ಡ ದೋಷ. ಯಾರ ಕಷ್ಟ ಕೇಳಿದರೂ ಮೊದಲು ಸಂತೋಷಪಡುತ್ತಿದ್ದರು, ಆಮೇಲೆ ನೆನಪು ಮಾಡಿಕೊಂಡು ದುಃಖಪಡುತ್ತಿದ್ದರು. ಅಂದೇ ಅಜ್ಜಿಯ ಕೋಣೆಗೆ ಹೋಗಿ ತಮ್ಮ ನಿಯಮವನ್ನೂ ಬಿಟ್ಟು ನೇರವಾಗಿ ಕೇಳಿದರು. ನಾನೂ ಜೊತೆಗಿದ್ದೆ.

"ಅಕ್ಕ, ಕಣ್ಣಿನ ಖರ್ಚು ನಾನು ನೋಡ್ಕೋತೀನಿ. ನೀವು ಹೂಂ ಅಂದ್ರೆ ಸಾಕು."

"ಯಾಕ್ ಯಜಮಾನ್ರೇ? ನನ್ ಕಣ್ಣಿಗೇನಾಗದೆ? ವಯಸ್ಸಾಯ್ತು, ವಸಿ ಮಂಜಾಗದೆ. ಕಂಡಷ್ಟು ಕಾಣ್ಲಿ."

"ಅಕ್ಕ, ದುಡ್ಡು ದೇವರದು. ನನ್ನದಲ್ಲ."

"ದೇವರದ್ದಾದ್ರೆ ದೇವರೇ ತಂದ್ಕೊಡ್ಲಿ. ನಿಮ್ ಕೈಲಿ ಯಾಕ್ ಕಳುಸ್ತಾನೆ?" ಎಂದು ಅಜ್ಜಿ ಕೋಳಿಗಳಿಗೆ ನುಚ್ಚು ಎರಚತೊಡಗಿದಳು. ಮಾತು ಮುಗಿಯಿತು ಎಂದು ಅರ್ಥ.

ಅವಳ ಹಠಕ್ಕೆ ಒಂದು ಕಾರಣವಿತ್ತು. ಅದನ್ನು ಆಮೇಲೊಂದು ದಿನ ನನಗೆ ತಾನೇ ಹೇಳಿದಳು. ಅವಳು ಅರಕಲಗೂಡಿನ ಕಡೆಯ ಒಕ್ಕಲು ಮನೆತನದವಳು. ಗಂಡನೂ ಅವಳೂ ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತರಾದ ವರ್ಷವೇ ಮಳೆ ಹೋಗಿ ಮಿಶನ್ನಿನವರು ಗಂಜಿ ಕಾಯಿಸಿ ಹಂಚುತ್ತಿದ್ದರು. ಇವರಿಬ್ಬರೂ ಆ ಗಂಜಿಯ ಕಡೆ ತಲೆ ಹಾಕಿದವರೇ ಅಲ್ಲ. ಆದರೂ ಊರಿನವರ ಬಾಯಿ ಸುಮ್ಮನಿರಲಿಲ್ಲ. "ಗಂಜಿ ಕುಡ್ದು ಜಾತಿ ಬುಟ್ಲು ಅಂತ ನಮ್ಮಣ್ಣನೇ ಅಂದ ಕಣ್ ಮಗಾ. ಸಂತೇಲಿ, ಎಲ್ರ ಮುಂದೆ. ಆವತ್ತೇ ಅನ್ಕಂಡೆ, ಪುಕ್ಸಟ್ಟೆ ಒಂದ್ ಕಾಳೂ ಮುಟ್ಟಾಕಿಲ್ಲ ಅಂತ." ಅಂದಿನಿಂದ ಅವಳು ಕ್ರಿಸ್‌ಮಸ್ಸಿನಲ್ಲಿ ವಿಧವೆಯರಿಗೆ ಕೊಡುವ ಸೀರೆಯನ್ನೂ ತೆಗೆದುಕೊಂಡವಳಲ್ಲ. ನಾವು ಕರಜಿಕಾಯಿಯ ತಟ್ಟೆ ಕಳಿಸಿದರೆ ಅದೇ ತಟ್ಟೆಯಲ್ಲಿ ಮೊಟ್ಟೆ ತುಂಬಿ ವಾಪಸು ಕಳಿಸುತ್ತಿದ್ದಳು, ಕರಜಿಕಾಯಿಗಿಂತ ಮೊಟ್ಟೆಯೇ ಹೆಚ್ಚು ಬೆಲೆ ಬಾಳುತ್ತಿತ್ತು.

ಮಾವ ಅಷ್ಟಕ್ಕೆ ಬಿಡುವವರೇ? ಅವರು ಬೇರೆ ದಾರಿ ಹುಡುಕಿದರು. ಅಜ್ಜಿಯ ಕುಕ್ಕೆಯನ್ನು ದಿನಾ ಪೂರ್ತಿಯಾಗಿ ಕೊಳ್ಳುವುದು, ಅವಳ ಕೈಯಲ್ಲಿ ಹಣ ಸೇರಿದರೆ ತಾನೇ ಕಣ್ಣು ತೋರಿಸಿಕೊಳ್ಳುತ್ತಾಳೆ ಎಂದು ಅವರ ಲೆಕ್ಕಾಚಾರ. ಇದರ ಫಲ ಉಂಡವರು ನಾವು. ಬೆಳಗ್ಗೆ ಮೊಟ್ಟೆ, ಮಧ್ಯಾಹ್ನ ಮೊಟ್ಟೆ ಸಾರು, ರಾತ್ರಿ ಮೊಟ್ಟೆ ಪಲ್ಯ. ವಾರದ ದಿನಗಳಲ್ಲಿ ಚನ್ನರಾಯಪಟ್ಟಣದಲ್ಲಿದ್ದು ಬಸ್ಸಿನ ಏಜೆಂಟು ಕೆಲಸ ನೋಡಿಕೊಳ್ಳುತ್ತಿದ್ದ ನನ್ನ ಯಜಮಾನರು ಶನಿವಾರ ಮನೆಗೆ ಬಂದರೆ ಅವರ ಪಾಲಿನದು ಮೂಟೆಯಾಗಿ ಕಾದಿರುತ್ತಿತ್ತು. ನಾಯಿ ಮೊದಮೊದಲು ಬಾಲ ಅಲ್ಲಾಡಿಸಿ ತಿಂದಿತು, ಕೊನೆಗೆ ಅದೂ ತಟ್ಟೆ ಕಂಡರೆ ಎದ್ದು ಹೋಗತೊಡಗಿತು. ನನಗೆ ಆಗ ಮೂರು ತಿಂಗಳು. ಹೊಟ್ಟು ಮೆತ್ತಿದ ಮೊಟ್ಟೆ ಕಂಡರೆ ಹೊಟ್ಟೆ ತೊಳಸುತ್ತಿತ್ತು. "ಮಾವ, ಇನ್ನೊಂದು ಮೊಟ್ಟೆ ಈ ಮನೆಯೊಳಗೆ ಬಂದರೆ ನಾನು ಮೈಸೂರಿಗೆ ಹೋಗ್ತೀನಿ" ಎಂದು ಹೇಳಿಯೇಬಿಟ್ಟೆ.

ಪುಣ್ಯಕ್ಕೆ ಅಜ್ಜಿಯೇ ಕಂಡುಹಿಡಿದಳು. ಕುಕ್ಕೆಯನ್ನು ಇಳಿಸದೆ ಬಾಗಿಲಲ್ಲೇ ನಿಂತು, "ಯಜಮಾನ್ರೇ, ನಿಮ್ ಮನೇಲಿರೋದು ನಾಕು ಜನ. ಇಷ್ಟ್ ಮೊಟ್ಟೆ ಯಾರ್ ತಿಂತಾರೆ?" ಎಂದು ಕೇಳಿದಳು.

"ಬಸ್ಸಿನ ಹುಡುಗರು ತಿಂತಾರೆ ಅಕ್ಕ."

"ಕ್ಲೀನರ್‌ನ ಕೇಳ್ದೆ. ಮೊಟ್ಟೆ ಮೊಕ ನೋಡಿಲ್ವಂತೆ." ಅಷ್ಟು ಹೇಳಿ, ಅಂದಿನಿಂದ ದಿನಕ್ಕೆ ನಾಲ್ಕೇ ಮೊಟ್ಟೆ ಎಂದು ತಾನೇ ತೀರ್ಮಾನ ಮಾಡಿ ಎಣಿಸಿ ಕೊಟ್ಟು ಹೋದಳು.

ಹೀಗಿರುವಾಗ ಸುಗ್ಗಿ ಹಬ್ಬ ಬಂತು. ನಮ್ಮ ಸಭೆಗಳಲ್ಲಿ ಕಟಾವು ಮುಗಿದ ಮೇಲೆ ಒಂದು ಭಾನುವಾರ ಎಲ್ಲರೂ ತಮ್ಮ ತಮ್ಮ ಬೆಳೆಯ ಮೊದಲ ಪಾಲನ್ನು ದೇವಾಲಯಕ್ಕೆ ತರುತ್ತಾರೆ. ರಾಗಿ, ಭತ್ತ, ಕುಂಬಳಕಾಯಿ, ತೆಂಗು, ಕೋಳಿ, ಮೇಕೆ, ಯಾರಿಗೆ ಏನಿದೆಯೋ ಅದು. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು. ಕೊಂಡವರು ಅದನ್ನು ಮನೆಗೆ ಒಯ್ಯಬಹುದು, ಇಲ್ಲವೇ ಮತ್ತೆ ದೇವರಿಗೇ ಬಿಟ್ಟು ಇನ್ನೊಂದು ಸಲ ಹರಾಜು ಹಾಕಿಸಬಹುದು. ಉಳ್ಳವರಿಗೆ ಇದು ಪೌರುಷದ ವಿಷಯ. ಒಂದು ಕುಂಬಳಕಾಯಿ ಮೇಕೆಯ ಬೆಲೆಗೆ ಹೋದದ್ದನ್ನು ನಾನೇ ನೋಡಿದ್ದೇನೆ. ಪದಾರ್ಥವೆಲ್ಲ ಹಸಿಯದಾದ್ದರಿಂದ ಊರಿನ ಬೇರೆ ಜನವೂ ತಮಾಷೆ ನೋಡಲು, ಕೊಳ್ಳಲು ಬರುತ್ತಿದ್ದರು.

ಮಾವ ಅಯ್ಯನವರ ಹತ್ತಿರ ಹೋಗಿ ಗುಟ್ಟಾಗಿ ಏರ್ಪಾಡು ಮಾಡಿದರು. ಅಯ್ಯನವರು ಎಂದರೆ ನಮ್ಮ ಸಭೆಯ ಪಾದ್ರಿಗಳು. ಈ ಸಲದ ಹರಾಜಿನ ಹಣವೆಲ್ಲ ಅಜ್ಜಿಯ ಕಣ್ಣಿಗೆ. ಸಭೆಯ ದುಡ್ಡು ಎಂದರೆ ಅವಳು ಬೇಡ ಎನ್ನಲಾರಳು ಎಂದು ಮಾವನ ಯೋಚನೆ. ಆದರೆ ಮುಂಚೆಯೇ ಹೆಸರು ಹೇಳಿದರೆ ಎದ್ದು ಹೋಗಿಬಿಡುತ್ತಾಳೆ, ಆದ್ದರಿಂದ ಹೆಸರು ಹೇಳುವುದು ಬೇಡ.

ಅಯ್ಯನವರು ಪ್ರಸಂಗ ಪೀಠದಿಂದ ಬಹಳ ಎಚ್ಚರಿಕೆಯಿಂದ ಪ್ರಕಟಣೆ ಮಾಡಿದರು. "ನಮ್ಮ ನಡುವೆ ಕಣ್ಣಿನ ದೃಷ್ಟಿ ಕಳೆದುಕೊಳ್ಳುತ್ತಿರುವ ಒಬ್ಬ ಬಡ ವೃದ್ಧೆ ಇದ್ದಾರೆ. ಈ ವರ್ಷದ ಕಾಣಿಕೆ ಅವರ ಶಸ್ತ್ರಚಿಕಿತ್ಸೆಗೆ." ಅಷ್ಟು ಹೇಳುವುದೇ ತಡ, ಇಡೀ ಸಭೆ, ಗಂಡಸರ ಕಡೆಯೂ ಹೆಂಗಸರ ಕಡೆಯೂ, ಕತ್ತು ತಿರುಗಿಸಿ ಮೂರನೆಯ ಸಾಲಿನಲ್ಲಿ ಕೂತಿದ್ದ ಅಜ್ಜಿಯನ್ನು ನೋಡಿತು. ಮಾವ ಕಣ್ಣು ಮುಚ್ಚಿಕೊಂಡರು. ಆದರೆ ಅಜ್ಜಿಗೆ ಯಾರು ತನ್ನನ್ನು ನೋಡುತ್ತಿದ್ದಾರೆಂದು ಕಾಣುವ ಹಾಗಿರಲಿಲ್ಲ. ಅವಳೂ ಎಲ್ಲರಂತೆ ಹಿಂದೆ ಮುಂದೆ ಕತ್ತು ತಿರುಗಿಸಿ ಹುಡುಕಿ, ಪಕ್ಕದಲ್ಲಿ ಕೂತಿದ್ದ ನನ್ನ ಮೊಣಕೈ ತಿವಿದು, "ಯಾರ್ ಮಗಾ ಅದು? ಪಾಪ" ಎಂದು ಪಿಸುಗುಟ್ಟಿದಳು. ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಎರಡಕ್ಕೂ ಸೆರಗನ್ನು ಬಾಯಿಗೆ ಒತ್ತಿಕೊಂಡೆ.

ಆರಾಧನೆ ಮುಗಿದದ್ದೇ ಅಜ್ಜಿ ಕಾಣಲಿಲ್ಲ. ಅವಳು ಮೊದಲೇ ಒಂದಿಷ್ಟು ಮೊಟ್ಟೆ ಕಾಣಿಕೆ ಕೊಟ್ಟಾಗಿತ್ತು. ಹರಾಜು ಶುರುವಾಗುವ ಹೊತ್ತಿಗೆ ಗೋಡೆ ಸವರಿಕೊಂಡು ವಾಪಸು ಬಂದಳು, ಕಂಕುಳಲ್ಲಿ ಒಂದು ಕೋಳಿ. ಅವಳ ಹಿತ್ತಲಲ್ಲಿ ತಪ್ಪದೆ ಮೊಟ್ಟೆಯಿಡುತ್ತಿದ್ದ ಕರಿ ಹೇಂಟೆ. "ಆ ಕಣ್ಣಿಲ್ದ ಮುದ್ಕಿಗೆ ಇದೂ ಸೇರಿಸ್ಕಳಿ" ಎಂದು ಅಯ್ಯನವರ ಕೈಗೆ ಕೊಟ್ಟಳು. ಅಯ್ಯನವರು ಕೋಳಿಯನ್ನು ಹಿಡಿದುಕೊಂಡು ಮಾವನ ಮುಖ ನೋಡಿದರು. ಮಾವ ಆಕಾಶ ನೋಡಿದರು.

ಹರಾಜು ಕೂಗುವವನು ನಮ್ಮ ಅರಕಲಗೂಡಿನ ಬಸ್ಸಿನ ಕಂಡಕ್ಟರು, ಗಂಟಲು ದೊಡ್ಡದೆಂದು ಅವನಿಗೇ ಆ ಕೆಲಸ. "ಕೋಳಿ ಹೊರಡ್ತಾ ಇದೆ, ಹತ್ತೋರು ಯಾರಿದ್ದೀರಿ, ಮುಂದೆ ಬನ್ನಿ, ಮುಂದೆ ಜಾಗ ಇದೆ" ಎಂದು ಕೂಗಿದ. ಕೋಳಿ ಯಾರದೆಂದು ಎಲ್ಲರಿಗೂ ಗೊತ್ತು, ಯಾರಿಗೆಂದೂ ಗೊತ್ತು. ಕೂಗು ಏರಿತು. ಮಾವ ಕೊಂಡರು, ಕೊಂಡು ದೇವರಿಗೇ ಬಿಟ್ಟರು. ಎರಡನೆಯ ಸಲ ಡಾಕ್ಟರೊಬ್ಬರು ಕೊಂಡರು, ಅವರೂ ಬಿಟ್ಟರು. ಮೂರನೆಯ ಸಲ ಹಿಂದಿನಿಂದ ಹೊಸದೊಂದು ದನಿ ಸೇರಿಕೊಂಡು ಎಲ್ಲರನ್ನೂ ದಾಟಿ ಮೇಲಕ್ಕೆ ಹೋಯಿತು. ತಿರುಗಿ ನೋಡಿದರೆ ನಮ್ಮ ಪಕ್ಕದ ಮನೆಯ ಜವಳಿ ವ್ಯಾಪಾರಿ. ಕುಂಬಳಕಾಯಿ ಕೊಳ್ಳಲು ಬಂದವರು ಹುಮ್ಮಸ್ಸಿನಲ್ಲಿ ಕೂಗಿಬಿಟ್ಟರೇನೋ ಎಂದುಕೊಂಡೆ. ಕಂಡಕ್ಟರು ಮೂರು ಸಲ ಕೂಗಿ ಆಯಿತು, ಕೋಳಿ ಅವರದಾಯಿತು. ತಂದು ಅವರ ಕೈಯಲ್ಲಿಟ್ಟ.

ಜವಳಿ ವ್ಯಾಪಾರಿ ಜನ್ಮದಲ್ಲಿ ಕೋಳಿ ಮುಟ್ಟಿದವರಲ್ಲ. ಪಂಚೆ, ಕೋಟು, ಹಣೆಯಲ್ಲಿ ಮೂರು ಪಟ್ಟೆ ವಿಭೂತಿ, ಎರಡೂ ಕೈಯಲ್ಲಿ ಕೋಳಿಯನ್ನು ಮೈಯಿಂದ ದೂರ ಹಿಡಿದು, "ಇದನ್ನ ತಿರುಗಿಸಿ ಹಿಡೀಬೇಕಾ?" ಎಂದು ಕೇಳಿದರು. ಆಮೇಲೆ ಮಾವನ ಕಡೆ ಬಗ್ಗಿ, "ನಮ್ಮ ಮನೆಯವಳು ಹೇಳಿದ್ಲು. ಅಜ್ಜಿಗೆ ಹೇಳ್ಬೇಡಿ, ನಾನು ಕೊಂಡೆ ಅಂತ" ಎಂದು ಮೆಲ್ಲಗೆ ಹೇಳಿ ಕೋಳಿಯನ್ನು ಮರಳಿ ಒಪ್ಪಿಸಿ ಹೋದರು. ಮಾವ ಅವರು ಹೋದ ದಿಕ್ಕನ್ನೇ ನೋಡುತ್ತಾ ನಿಂತರು. ಗುಟ್ಟಾಗಿ ಕೊಡುವ ಹಕ್ಕು ತಮ್ಮೊಬ್ಬರದೇ ಎಂದುಕೊಂಡಿದ್ದ ಅವರಿಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಗಿತ್ತೆಂದು ನನ್ನ ಅನುಮಾನ.

ಹಣವೇನೋ ಸಾಕಷ್ಟು ಕೂಡಿತು. ಕಷ್ಟ ಆಮೇಲೆ ಶುರುವಾಯಿತು. ಅಜ್ಜಿಗೆ ಹೇಳುವವರು ಯಾರು? ಮಾವ ಅಯ್ಯನವರು ಹೇಳಲಿ ಎಂದರು, ಅಯ್ಯನವರು ಅತ್ತೆ ಹೇಳಲಿ ಎಂದರು, ಅತ್ತೆ ಹೇಳುವುದಕ್ಕೆ ಬಾಯಿ ತೆಗೆಯುವಷ್ಟರಲ್ಲಿ ಅಜ್ಜಿಯೇ, "ಆ ಮುದ್ಕಿ ಯಾವೂರೋಳು?" ಎಂದು ಕೇಳಿದಳು. ಗಾಬರಿಯಲ್ಲಿ ಅತ್ತೆ, "ಅರಕಲಗೂಡು" ಎಂದುಬಿಟ್ಟರು.

"ನಮ್ಮೂರ್ ಕಡೆಯೋಳಾ? ನಿನ್ನೆ ಯಜಮಾನ್ರು ಚನ್ರಾಯ್‌ಪಟ್ಣ ಅಂದ್ರಲ್ಲ?"

"ಹುಟ್ಟಿದ್ದು ಅರಕಲಗೂಡು, ಕೊಟ್ಟಿದ್ದು ಚನ್ನರಾಯಪಟ್ಟಣಕ್ಕೆ" ಎಂದು ಮಾವ ಒಳಗಿನಿಂದ ಕೂಗಿ ಹೇಳಿದರು.

"ಮಕ್ಕಳು ಮರಿ?"

"ಇಲ್ಲ" ಎಂದರು ಅತ್ತೆ. "ಇದ್ದಾರೆ" ಎಂದರು ಮಾವ, ಅದೇ ಗಳಿಗೆಯಲ್ಲಿ. ಒಬ್ಬ ಮಗನಿದ್ದ, ಯುದ್ಧಕ್ಕೆ ಹೋಗಿದ್ದಾನೆ ಎಂದು ನನ್ನ ಯಜಮಾನರು ತೇಪೆ ಹಾಕಿದರು. ಭಾನುವಾರ ಭಾನುವಾರ ಚರ್ಚಿಗೆ ಹೋಗುವ ಮನೆ ನಮ್ಮದು. ಹದಿನೈದು ದಿನದಲ್ಲಿ ಇಲ್ಲದ ಒಬ್ಬ ಮುದುಕಿಗೆ ಊರು, ಮನೆ, ಬರ್ಮಾದಲ್ಲಿ ಒಬ್ಬ ಮಗ, ಮುಂಗೋಪಿ ಸೊಸೆ, ಎಲ್ಲವನ್ನೂ ಮಾಡಿಕೊಟ್ಟೆವು. ಸೊಸೆ ಮುಂಗೋಪಿ ಎಂದದ್ದು ಮಾವ. ನನ್ನನ್ನು ಮನಸ್ಸಿನಲ್ಲಿಟ್ಟುಕೊಂಡೇ ಹೇಳಿದ್ದೆಂದು ನನಗೆ ಗೊತ್ತಿತ್ತು.

ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡು ಒಂದು ಬೆಳಗ್ಗೆ ಬಂದು ಹೇಳಿದಳು. "ಆ ಮುದ್ಕಿ ಜೊತೀಗೆ ಯಾರ್ ಓಗ್ತಾರೆ? ಕಣ್ಣಿಗೆ ಕತ್ರಿ ಹಾಕ್ತಾರೆ ಅಂದ್ರೆ ಎದ್ರಿಕೆ ಆಯ್ತದೆ. ಕೈ ಹಿಡ್ಕಳಾಕೆ ಒಬ್ರು ಬೇಡ್ವಾ? ನಾನ್ ಓಯ್ತೀನಿ. ಅವಳು ಏಳಾಗಂಟ ಅಲ್ಲೇ ಇರ್ತೀನಿ."

ನಾನು ನಿಜ ಹೇಳಿಬಿಡೋಣವೆಂದು ಬಾಯಿ ತೆರೆದೆ. ಮಾವ ಅಡ್ಡ ಬಂದು, "ಅಕ್ಕ, ನೀವು ಬಂದ್ರೆ ಅದಕ್ಕಿಂತ ಇನ್ನೇನು ಬೇಕು" ಎಂದರು. ಅಜ್ಜಿ ಹೋದ ಮೇಲೆ ನಾನು ಮಾವನನ್ನು ತರಾಟೆಗೆ ತೆಗೆದುಕೊಂಡೆ. "ಹೊಳೆನರಸೀಪುರಕ್ಕೆ ಹೋಗಿ ಅಲ್ಲಿ ಏನು ಮಾಡ್ತೀರಿ? ಮುದುಕಿ ಎಲ್ಲಿ ಅಂತ ಕೇಳಿದರೆ?" "ಮೊದಲು ಆಸ್ಪತ್ರೆ ಬಾಗಿಲು ಮುಟ್ಟಲಮ್ಮ. ಆಮೇಲೆ ದೇವರಿದ್ದಾನೆ" ಎಂದರು. ಅವರ ಬಸ್ಸುಗಳೂ ಅದೇ ನಂಬಿಕೆಯ ಮೇಲೆ ಓಡುತ್ತಿದ್ದವು.

ಹೊರಟ ದಿನ ಅಜ್ಜಿ ಒಗೆದ ಸೀರೆ ಉಟ್ಟು, ಆ ಮುದುಕಿಗೆಂದು ಒಂದು ಗಂಟು ಕಟ್ಟಿಕೊಂಡು ಬಂದಿದ್ದಳು. ಕೋಳಿಗಳನ್ನು ತನ್ನ ಓಣಿಯ ಪಕ್ಕದ ಮನೆಯವರಿಗೆ ಒಪ್ಪಿಸಿಯಾಗಿತ್ತು. ಮುಂದಿನ ಸೀಟಿನಲ್ಲಿ ಮಾವ, ಅವರ ಹಿಂದೆ ನಾನೂ ಅಜ್ಜಿಯೂ. ಬಸ್ಸು ಊರು ದಾಟಿ ಮೊದಲ ದಿಣ್ಣೆಯಲ್ಲೇ ಉಸಿರು ಬಿಟ್ಟು ನಿಂತಿತು. ಗಂಡಸರೆಲ್ಲ ಇಳಿದು ತಳ್ಳಬೇಕು, ಇದು ಆ ಕಾಲದ ಟಿಕೆಟ್ಟಿನಲ್ಲೇ ಸೇರಿದ ಸೇವೆ. ಅಜ್ಜಿಯೂ ಇಳಿದಳು. ಬೇಡ ಎಂದರೆ ಕೇಳಲಿಲ್ಲ. "ಪುಕ್ಸಟ್ಟೆ ಕೂತಿವ್ನಿ, ತಳ್ಳಾದ್ರೂ ತಳ್ತೀನಿ" ಎಂದು ಡ್ರಮ್ಮಿನ ಪಕ್ಕದಲ್ಲಿ ಕೈ ಇಟ್ಟಳು. ಬಸ್ಸು ಹೊರಟಾಗ ಎಲ್ಲರೂ ಹತ್ತಿದರು, ಅವಳು ಮಾತ್ರ ಬಸ್ಸಿದ್ದ ಜಾಗವನ್ನು ತಳ್ಳುತ್ತಾ ಎರಡು ಹೆಜ್ಜೆ ಮುಂದೆ ಹೋದಳು. ಕ್ಲೀನರು ಓಡಿ ಹೋಗಿ ಕರೆತಂದ. ಅವಳ ಮುಖವೆಲ್ಲ ಮಸಿ. ನಾನು ಒರೆಸಿದೆ.

ದಾರಿಯುದ್ದಕ್ಕೂ ಅವಳ ತುಟಿ ಅಲ್ಲಾಡುತ್ತಿತ್ತು. ಪ್ರಾರ್ಥನೆ ಮಾಡುತ್ತಿದ್ದಾಳೆ ಎಂದುಕೊಂಡೆ. ಕೇಳಿದಾಗ, "ಇಲ್ಲ ಮಗಾ, ಆ ಮುದ್ಕಿ ಕಡೇ ಗಳ್ಗೇಲಿ ಬ್ಯಾಡ ಅಂತ ಹಟ ಮಾಡಿದ್ರೆ? ಅದ್ಕೆ ಏನೇನ್ ಹೇಳ್ಬೇಕು ಅಂತ ಜೋಡಿಸ್ಕತಾ ಇವ್ನಿ" ಎಂದಳು.

ಹೊಳೆನರಸೀಪುರದಲ್ಲಿ ಬಸ್ಸು ನಿಂತಾಗ ಮಾವ, "ಇದ್ದಲು ಸ್ವಲ್ಪ ನೋಡಿ ಬರ್ತೀನಮ್ಮ, ನೀವು ಮುಂದೆ ಹೋಗಿ" ಎಂದು ಮೆಲ್ಲಗೆ ಜಾರಿಕೊಂಡರು. ನೂರು ಜನಕ್ಕೆ ಕೊಟ್ಟ ಮನುಷ್ಯ ಒಂದು ಮಾತು ಹೇಳಲು ಹೆದರಿ ಹುಣಸೆ ಮರದ ಹಿಂದೆ ನಿಂತರು. ನನಗೆ ಅಂದು ಅವರ ಮೇಲೆ ಬಂದ ಸಿಟ್ಟು ಇಷ್ಟಿಷ್ಟಲ್ಲ.

ಆಸ್ಪತ್ರೆಯ ಜಗಲಿಯಲ್ಲಿ ಬೆಂಚಿನ ಮೇಲೆ ಇಬ್ಬರೂ ಕೂತೆವು. "ಎಲ್ಲವಳೆ ಅವಳು?" ಎಂದು ಅಜ್ಜಿ ಕೇಳಿದಳು. ನನಗೆ ಇನ್ನು ಸುಳ್ಳಿಗೆ ಸುಳ್ಳು ಸೇರಿಸುವ ಶಕ್ತಿ ಇರಲಿಲ್ಲ.

"ಅಜ್ಜಿ, ಆ ಮುದುಕಿ ನೀನೇ" ಎಂದೆ.

ಅವಳು ನನ್ನ ಕಡೆಗೆ ಮುಖ ತಿರುಗಿಸಿದಳು. ಬಿಳಿ ಕವಿದ ಆ ಕಣ್ಣುಗಳು ನನ್ನ ಕಿವಿಯ ಪಕ್ಕದಲ್ಲೆಲ್ಲೋ ನೋಡುತ್ತಿದ್ದವು.

"ಎಲ್ರಿಗೂ ಗೊತ್ತಿತ್ತಾ?"

"ಎಲ್ಲರಿಗೂ."

"ಅಯ್ನೋರಿಗೆ?"

"ಗೊತ್ತಿತ್ತು."

"ಆ ಜವಳಿ ಅಂಗಡಿಯೋರ್ ಮನೇಗೆ?"

"ಅವರಿಗೂ. ನಿನ್ನ ಕೋಳೀನ ಕಡೆಯದಾಗಿ ಕೊಂಡವರು ಅವರೇ."

"ಕೋಳಿಗೂ ಗೊತ್ತಿತ್ತೇನೋ" ಎಂದು ಅಜ್ಜಿ ಎದ್ದಳು. "ನಾನ್ ಊರಿಗೆ ನಡ್ಕಂಡು ಓಯ್ತೀನಿ. ನನ್ ಜೊತೆ ಬರ್ಬೇಡ." ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಬಿರುಸಾಗಿ ಹೊರಟಳು. ಗೇಟಿನ ಕಡೆಗಲ್ಲ, ನೇರ ಗೋಡೆಯ ಕಡೆಗೆ. ಕೈಗೆ ಗೋಡೆ ಸಿಕ್ಕಿದ ಮೇಲೆ ಅದನ್ನು ಸವರುತ್ತಾ ಬಲಕ್ಕೆ ಹೋದಳು, ಎಡಕ್ಕೆ ಬಂದಳು, ಆಮೇಲೆ ಅಲ್ಲೇ ನಿಂತಳು. ನಾನು ಹೋಗಿ ಕೈಹಿಡಿಯಲಿಲ್ಲ. ಹಿಡಿಯಬೇಕೆಂದು ಜೀವ ಒದ್ದಾಡುತ್ತಿತ್ತು.

"ಅಜ್ಜಿ, ಅವಳಿಗೆ ಏನು ಹೇಳಬೇಕು ಅಂತ ದಾರಿಯೆಲ್ಲ ಜೋಡಿಸಿಕೊಂಡು ಬಂದೆ?" ಎಂದು ಕೂತಲ್ಲಿಂದಲೇ ಕೇಳಿದೆ.

"ಯಾರಿಗೆ? ಇಲ್ದಿರೋ ಮುದ್ಕಿಗಾ?"

"ಇಲ್ಲದಿದ್ದರೂ ಹೇಳು. ಅಷ್ಟು ದೂರ ಹೊತ್ತು ತಂದಿದ್ದೀಯ."

ಅಜ್ಜಿ ಗೋಡೆಗೆ ಮುಖ ಮಾಡಿಕೊಂಡೇ, ಆ ಗೋಡೆಗೇ ಹೇಳುವವಳಂತೆ ನಿಧಾನವಾಗಿ ಹೇಳತೊಡಗಿದಳು.

"ತಕ್ಕೊ ಕಣವ್ವ ಅಂತ ಹೇಳ್ಬೇಕು ಅಂತಿದ್ದೆ. ನಾನೂ ನಿನ್ನಂಗೇ ಅರಕಲಗೂಡಿನೋಳು. ಗಂಜಿಗೆ ಬಂದೋಳು ಅಂದ್ರು ಅಂತ ಯಾರತ್ರನೂ ಏನೂ ತಕ್ಕಳ್ದೆ ಬದುಕ್ದೆ. ಅಂದೋರೆಲ್ಲ ಸತ್ತೋದ್ರು. ನಮ್ಮಣ್ಣನೂ ಸತ್ತೋದ. ನಾನಿನ್ನೂ ಅವರಿಗೆ ಉತ್ರ ಕೊಡ್ತಾ ಕೂತಿವ್ನಿ. ಅದ್ರಲ್ಲಿ ನನ್ ಒಂದ್ ಕಣ್ಣು ಓಯ್ತು, ಇನ್ನೊಂದೂ ಓಯ್ತಾ ಅದೆ. ನೀನು ಅಂಗ್ ಮಾಡ್ಬೇಡ. ನಾನೂ ಒಂದ್ ಕೋಳಿ ಕೊಟ್ಟಿವ್ನಿ, ಕೊಡುವಾಗ ಎಷ್ಟು ಕುಸಿಯಾಯ್ತು ಗೊತ್ತಾ. ನೀನು ಬ್ಯಾಡ ಅಂದ್ರೆ ನನ್ ಕುಸೀನೂ ಮಣ್ಣಾಗೋಯ್ತದೆ. ತಕ್ಕೊ."

ನಾನು ಅಳುತ್ತಿದ್ದೆ, ಮುಚ್ಚಿಡಲೂ ಹೋಗಲಿಲ್ಲ. ಅಜ್ಜಿ ಗೋಡೆ ಬಿಟ್ಟು ನನ್ನ ಅಳುವಿನ ಸದ್ದನ್ನೇ ಹಿಡಿದುಕೊಂಡು ಬೆಂಚಿಗೆ ವಾಪಸು ಬಂದು ಕೂತಳು. ಮುದುಕಿಗೆಂದು ತಂದಿದ್ದ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಬಿಚ್ಚಿ, ಅದರೊಳಗಿದ್ದ ಹೊಸ ಟವೆಲನ್ನು ಮುಟ್ಟಿ ಮುಟ್ಟಿ ನೋಡಿದಳು, ತಾನೇ ಕೊಂಡು ತಂದದ್ದಾದರೂ ಯಾರೋ ಕೊಟ್ಟಿದ್ದನ್ನು ನೋಡುವ ಹಾಗೆ.

ಒಳಗಿನಿಂದ ನರ್ಸು ಬಂದು ಜಗಲಿಯಲ್ಲಿ ಕೂತಿದ್ದವರನ್ನೆಲ್ಲ ಒಂದು ಸಲ ನೋಡಿ, "ಹಾಸನದಿಂದ ಪೊರೆ ತೆಗೆಸೋಕೆ ಬಂದಿರೋ ಅಜ್ಜಿ ಯಾರು?" ಎಂದು ಕೇಳಿದಳು.

ನಾನು ಹೇಳಹೊರಟೆ. ಅಜ್ಜಿ ನನ್ನ ಮೊಣಕಾಲನ್ನು ಒತ್ತಿ ಸುಮ್ಮನಿರಿಸಿ, ಟವೆಲನ್ನು ಹೆಗಲ ಮೇಲೆ ಹಾಕಿಕೊಂಡು ಎದ್ದು ನಿಂತಳು.

"ನಾನೇ ಕಣವ್ವ" ಎಂದಳು.